ಕೂದಲು ಉದುರಿಸಿದ ವಿಷ

ಇಂದು ಹದಿಹರೆಯದ ಹುಡುಗಿಯರೂ ಬ್ಯೂಟಿ ಪಾರ್ಲರಿನಲ್ಲಿ ವ್ಯಾಕ್ಸಿಂಗ್ ಮಾಡಿಸಿಕೊಳ್ಳುತ್ತಾರೆ. ಒಂದು ಕಾಲಕ್ಕೆ ವೈದ್ಯರೇ ಮಕ್ಕಳ ತಲೆಗೂದಲನ್ನು ಬುಡಸಹಿತ ಉದುರಿಸುತ್ತಿದ್ದರು ಎಂದರೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣ ತಲೆಯ ಹುಳುಕಡ್ಡಿ. ಈ ರೋಗದ ಶಿಲೀಂಧ್ರ ಕೂದಲಿನೊಳಗೇ ನೆಲೆಸುತ್ತದೆ. ಅದನ್ನು ಕೊಲ್ಲುವ ಮಾತ್ರೆ ಆಗ ಇರಲಿಲ್ಲ.

20ನೇ ಶತಮಾನದ ಆರಂಭದಲ್ಲಿ ಯೂರೋಪಿನ ವೈದ್ಯರು ಇದಕ್ಕೆ ಎಕ್ಸ್-ರೇ ಬಳಸಿದರು. ಥ್ಯಾಲಿಯಂ ಅಸಿಟೇಟ್ ಎಂಬ ಲವಣವನ್ನೂ ಕುಡಿಸಿದರು. ಎರಡು ಮೂರು ವಾರಗಳಲ್ಲಿ ಕೂದಲು ಉದುರುತ್ತಿತ್ತು. ಆದರೆ ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಇದ್ದ ಅಂತರ ಕೂದಲೆಳೆಯಷ್ಟು. ತೂಕ ತಪ್ಪಿದ ಕಡೆ ಮಕ್ಕಳು ಸತ್ತರು.

ಹೀಗಿದ್ದೂ 1930ರ ಸುಮಾರಿಗೆ ಅಮೆರಿಕದಲ್ಲಿ ಅದೇ ಲವಣ ಬೆರೆತ ‘ಕೋರೆಮ್ಲು’ ಕ್ರೀಮು ಮಾರಾಟಕ್ಕೆ ಬಂತು. ಬೇಡದ ರೋಮ ಹೋಗಲೆಂದು ಹಚ್ಚಿಕೊಂಡ ಹೆಂಗಸರ ತಲೆಗೂದಲು ಉದುರಿತು, ಕಾಲಿನ ನರಗಳು ಸೋತವು, ಕೆಲವರ ದೃಷ್ಟಿ ಕುಂದಿತು. ಸೌಂದರ್ಯವರ್ಧಕಗಳನ್ನು ನಿಯಂತ್ರಿಸುವ ಕೇಂದ್ರ ಕಾನೂನು ಅಲ್ಲಿ ಬಂದದ್ದು 1938ರಲ್ಲಿ.

1958ರ ಸುಮಾರಿಗೆ ಗ್ರಿಸಿಯೋಫುಲ್ವಿನ್ ಮಾತ್ರೆ ಬಂದ ಮೇಲೆ ಹುಳುಕಡ್ಡಿಗಾಗಿ ಕೂದಲು ಉದುರಿಸುವ ಅಗತ್ಯ ತಪ್ಪಿತು. ರೋಗಕ್ಕೆ ಮದ್ದು ಸಿಕ್ಕಿತು. ರೋಮದ ಬಗೆಗಿನ ನಾಚಿಕೆಗೆ ಇನ್ನೂ ಸಿಕ್ಕಿಲ್ಲ. ಮಗಳು ವ್ಯಾಕ್ಸಿಂಗ್ ಬೇಕೆಂದಾಗ ತಾಯಿ ಅದರ ಬೆಲೆ ವಿಚಾರಿಸುವ ಮೊದಲು, ಈ ಕೂದಲು ಯಾರಿಗೆ ಬೇಡವಾಗಿದೆ ಎಂದು ವಿಚಾರಿಸುವುದು ಒಳ್ಳೆಯದು.