ಹುಡುಕಿದವರಿಗೆ ಸಿಗುವ ಬರಹ: ಅಂತರ್ಜಾಲದಲ್ಲಿ ವಸ್ತುವಿಂಗಡಣೆ ನಡೆದುಬಂದ ದಾರಿ

ಅಂತರ್ಜಾಲದಲ್ಲಿ ಬರೆಯುವವರ ಬಳಿಗೆ ಹೊಸ ಓದುಗರು ಬರುವ ದಾರಿಗಳಲ್ಲಿ ಸರ್ಚ್ ಎಂಜಿನ್ ಮುಖ್ಯವಾದುದು. ಅದರ ಫಲಿತಾಂಶಗಳಲ್ಲಿ ಮೇಲೆ ಕಾಣಿಸಿಕೊಳ್ಳುವ ವಿದ್ಯೆಗೆ ‘ಎಸ್‌ಇಒ’ ಎಂಬ ಹೆಸರು ಬಿದ್ದು ಕಾಲು ಶತಮಾನ ದಾಟಿತು. ಈ ಅವಧಿಯಲ್ಲಿ ಬಂದುಹೋದ ಉಪಾಯಗಳಿಗೆ ಲೆಕ್ಕವಿಲ್ಲ. ಒಂದೊಂದೂ ಕೆಲಕಾಲ ಫಲ ಕೊಟ್ಟು, ಎಂಜಿನ್ನಿನ ಲೆಕ್ಕಾಚಾರ ಬದಲಾದೊಡನೆ ಕೈಕೊಟ್ಟಿದೆ. ಇಷ್ಟೆಲ್ಲ ಏರಿಳಿತಗಳ ನಡುವೆಯೂ ಬೆಲೆ ಕಳೆದುಕೊಳ್ಳದೆ ಉಳಿದ ಕೆಲಸ ಒಂದಿದೆ. ಓದುಗರು ಏನು ಕೇಳಬಹುದೆಂದು ಮೊದಲೇ ಯೋಚಿಸಿ, ಬರಹಗಳನ್ನು ಆ ಪ್ರಶ್ನೆಗಳ ಸುತ್ತ ಜೋಡಿಸುವುದೇ ಆ ಕೆಲಸ. ಅದು ಅಂತರ್ಜಾಲಕ್ಕಿಂತ ಹಳೆಯದು.

ಗ್ರಂಥಾಲಯದ ಬೇರು

1876ರಲ್ಲಿ ಬಂದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಪ್ರತಿ ಪುಸ್ತಕಕ್ಕೂ ಒಂದು ನಿಗದಿತ ಸ್ಥಾನ. ಎರಡು ಮೂರು ವಿಷಯಗಳು ಕೂಡಿದ ಪುಸ್ತಕ ಬಂದಾಗ ಅದನ್ನು ಯಾವ ಕಪಾಟಿನಲ್ಲಿ ಇಡಬೇಕೆಂಬುದೇ ತಲೆನೋವು. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಈ ತೊಡಕಿಗೆ ಬೇರೆ ದಾರಿ ತೋರಿಸಿತು. ವಿಷಯವನ್ನು ಅದರ ಮುಖಗಳಾಗಿ ಬಿಡಿಸುವುದು, ಆಮೇಲೆ ಬೇಕಾದಂತೆ ಕೂಡಿಸುವುದು. ಮಲೆನಾಡಿನ ಅಡಿಕೆ ತೋಟದಲ್ಲಿ ಮಳೆಗಾಲದ ರೋಗ ನಿಯಂತ್ರಣ ಎಂಬ ವಿಷಯದಲ್ಲಿ ಬೆಳೆ, ರೋಗ, ಮಾಡಬೇಕಾದ ಕೆಲಸ, ಸ್ಥಳ, ಕಾಲ ಎಂಬ ಐದು ಮುಖಗಳಿವೆ. ಯಾವ ಮುಖ ಹಿಡಿದು ಬಂದವರಿಗೂ ಅದು ಸಿಗಬೇಕು. ದೊಡ್ಡ ವಿಷಯದಿಂದ ಸಣ್ಣದಕ್ಕೆ ಇಳಿಯುವ ಕೊಂಡಿಗಳನ್ನೆಲ್ಲ ಸೂಚಿಯಲ್ಲಿ ತೋರಿಸುವ ‘ಸರಪಳಿ ಸೂಚಿ’ಯೂ ಅವರ ಕೊಡುಗೆಯೇ. ಓದುಗರ ಸಮಯ ಉಳಿಸುವುದು ಗ್ರಂಥಾಲಯದ ಧರ್ಮವೆಂದು ಅವರು 1931ರಷ್ಟು ಹಿಂದೆಯೇ ಸೂತ್ರ ಮಾಡಿಟ್ಟಿದ್ದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು 1962ರಲ್ಲಿ ಇಲ್ಲಿಯೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಇಂದಿನ ಜಾಲತಾಣಗಳಲ್ಲಿ ಪುಟದ ನೆತ್ತಿಯ ಮೇಲೆ ಕಾಣುವ ‘ಮುಖಪುಟ – ಕೃಷಿ – ಅಡಿಕೆ – ರೋಗಗಳು’ ಎಂಬ ಸಾಲಿಗೂ, ಬೆಲೆ, ಅಳತೆ, ಬಣ್ಣ ಎಂದು ಸೋಸಿ ನೋಡುವ ಅಂಗಡಿತಾಣಗಳ ಸೌಲಭ್ಯಕ್ಕೂ ಈ ಚಿಂತನೆಯೊಡನೆ ಹತ್ತಿರದ ನಂಟಿದೆ.

ಯಂತ್ರದ ಕಡೆಯ ಬೇರು ಇನ್ನೊಂದು. ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಒಂದು ಸರಳ ಮಾತನ್ನು ಗಣಿತಕ್ಕೆ ಇಳಿಸಿದರು. ಎಲ್ಲ ದಾಖಲೆಗಳಲ್ಲೂ ಬರುವ ಪದಕ್ಕೆ ತೂಕ ಕಡಿಮೆ, ಕೆಲವೇ ದಾಖಲೆಗಳಲ್ಲಿ ಬರುವ ಪದಕ್ಕೆ ತೂಕ ಹೆಚ್ಚು. ಮುಂದೆ ಪಠ್ಯ ಹುಡುಕುವ ಸರ್ಚ್ ಎಂಜಿನ್‌ಗಳಲ್ಲಿ ಹೆಚ್ಚಿನವು ಈ ತಳಹದಿಯನ್ನು ಬಳಸಿಕೊಂಡವು.

ಪಟ್ಟಿಯ ಕಾಲ, ಪದದ ಕಾಲ

1990ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್‌ಟೇಜ್ ರೂಪಿಸಿದ ‘ಆರ್ಚಿ’ ಕಡತಗಳ ಹೆಸರನ್ನಷ್ಟೇ ಹುಡುಕುತ್ತಿತ್ತು. 1994ರಲ್ಲಿ ಎರಡು ದಾರಿಗಳು ಕವಲೊಡೆದವು. ಸ್ಟ್ಯಾನ್‌ಫರ್ಡ್‌ನ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೊ ಆರಂಭಿಸಿದ ಯಾಹೂ, ತಾಣಗಳನ್ನು ಮನುಷ್ಯರೇ ಓದಿ ವಿಂಗಡಿಸಿದ ಪಟ್ಟಿಯಾಗಿತ್ತು. ಅದೇ ವರ್ಷದ ವೆಬ್‌ಕ್ರಾಲರ್ ಪುಟದ ಪೂರ್ತಿ ಪಠ್ಯವನ್ನು ಯಂತ್ರದಿಂದ ಓದಿಸಿತು. 1995ರ ಡಿಸೆಂಬರ್‌ನಲ್ಲಿ ಬಂದ ಆಲ್ಟಾವಿಸ್ಟಾ ಈ ಎರಡನೆಯ ದಾರಿಯನ್ನು ಹೆದ್ದಾರಿ ಮಾಡಿತು. ಪುಟಗಳು ಬೆಳೆದ ವೇಗಕ್ಕೆ ಪಟ್ಟಿ ಮಾಡುವ ಕೈಗಳು ಸಾಲದಾದವು. ಯಾಹೂ ತನ್ನ ಪಟ್ಟಿಯನ್ನು 2014ರ ಕೊನೆಗೆ ಮುಚ್ಚಿತು.

ಯಂತ್ರ ಪದಗಳನ್ನು ಎಣಿಸುತ್ತದೆಂದು ಗೊತ್ತಾದ ಮೇಲೆ ಬರೆಯುವವರು ಪದಗಳನ್ನು ತುರುಕತೊಡಗಿದರು. ಒಂದೇ ಪದವನ್ನು ಹತ್ತಾರು ಸಲ ಬರೆಯುವುದು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಅಡಗಿಸುವುದು, ಪುಟದ ಒಳಸಂಕೇತದಲ್ಲಿ ಕೀವರ್ಡ್‌ಗಳ ಉದ್ದ ಪಟ್ಟಿ ಸೇರಿಸುವುದು ಎಲ್ಲವೂ ನಡೆಯಿತು. ಆ ಕೀವರ್ಡ್ ಪಟ್ಟಿಯನ್ನು ತಾನು ಶ್ರೇಯಾಂಕಕ್ಕೆ ಪರಿಗಣಿಸುವುದೇ ಇಲ್ಲವೆಂದು ಗೂಗಲ್ 2009ರಲ್ಲಿ ಬಹಿರಂಗವಾಗಿ ಹೇಳಿತು. ಆಮೇಲೂ ಅದನ್ನು ತುಂಬಿಸುತ್ತಿದ್ದವರಿದ್ದರು.

ಕೊಂಡಿಯೇ ಸಾಕ್ಷಿ

1998ರಲ್ಲಿ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಮಂಡಿಸಿದ ಪೇಜ್‌ರ್ಯಾಂಕ್, ಪುಟ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಬೇರೆ ಪುಟಗಳು ಅದಕ್ಕೆ ಕೊಡುವ ಕೊಂಡಿಗೆ ಬೆಲೆ ಕೊಟ್ಟಿತು. ಯಾವ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆಂದು ಎಣಿಸುವ ಯೂಜೀನ್ ಗಾರ್ಫೀಲ್ಡ್ ಅವರ ವಿಜ್ಞಾನ ಉಲ್ಲೇಖಸೂಚಿ 1964ರಿಂದಲೇ ಇತ್ತು. ಅದೇ ತರ್ಕ ಈಗ ಜಾಲಕ್ಕೆ ಬಂತು. ಕೊಂಡಿಗೆ ಬೆಲೆ ಬಂದ ಕೂಡಲೇ ಕೊಂಡಿಯ ಸಂತೆಯೂ ನೆರೆಯಿತು. ಇತರರ ಬರಹಗಳ ಅಡಿ ಬೀಳುವ ಜಾಹೀರಾತು ಕೊಂಡಿಗಳ ಲಾಭ ತಪ್ಪಿಸಲು 2005ರಲ್ಲಿ ‘ನೋಫಾಲೊ’ ಗುರುತು ಬಂತು. ದುಡ್ಡು ಕೊಟ್ಟು ಕಟ್ಟಿಸಿಕೊಂಡ ಕೊಂಡಿಗಳ ಮೇಲೆ 2012ರ ಏಪ್ರಿಲ್‌ನಲ್ಲಿ ಗೂಗಲ್ ಲೆಕ್ಕಾಚಾರದ ‘ಪೆಂಗ್ವಿನ್’ ಎಂಬ ಬದಲಾವಣೆಯ ಏಟು ಬಿತ್ತು.

ಈ ಗದ್ದಲದಲ್ಲಿ ಮರೆಯಾದ ಒಂದು ವಿಷಯವಿದೆ. ಒಂದೇ ತಾಣದ ಪುಟಗಳ ನಡುವಿನ ಕೊಂಡಿಗಳನ್ನೂ ಎಂಜಿನ್ ಓದುತ್ತದೆ. ಹೊರಗಿನವರ ಕೊಂಡಿ ನಮ್ಮ ಕೈಯಲ್ಲಿಲ್ಲ, ಒಳಗಿನ ಕೊಂಡಿ ಪೂರ್ತಿ ನಮ್ಮ ಕೈಯಲ್ಲಿದೆ.

ದಿನಾಂಕದ ಸರದಿ ತಂದ ತೊಡಕು

1999ರಲ್ಲಿ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಬಂದು ಪ್ರಕಟಣೆಯನ್ನು ಎಲ್ಲರಿಗೂ ಸುಲಭ ಮಾಡಿದವು. ಅವು ಕೊಟ್ಟ ಸಹಜ ಕ್ರಮ ದಿನಾಂಕದ್ದು, ಹೊಸದು ಮೇಲೆ, ಹಳೆಯದು ಕೆಳಗೆ. ದಿನಚರಿಗೆ ಇದು ಒಪ್ಪುತ್ತದೆ. ಆದರೆ ಐದು ವರ್ಷದ ಹಿಂದೆ ಬರೆದ ಒಳ್ಳೆಯ ಲೇಖನ ನಲವತ್ತನೆಯ ಪುಟದ ಆಚೆ ಹೂತುಹೋಗುತ್ತದೆ. ಯಾವ ಕೊಂಡಿಯೂ ತಲುಪದ ಇಂಥ ಪುಟಗಳನ್ನು ಈ ವೃತ್ತಿಯವರು ಅನಾಥ ಪುಟ ಎನ್ನುತ್ತಾರೆ. ಟ್ಯಾಗ್‌ಗಳು ಪರಿಹಾರವಾಗಿ ಬಂದವು, ಹಿಡಿತವಿಲ್ಲದೆ ಬೆಳೆದು ತಾವೇ ಸಮಸ್ಯೆಯಾದವು. ಒಂದೊಂದೇ ಲೇಖನವಿರುವ ನೂರು ಟ್ಯಾಗ್‌ಗಳು ವರ್ಗೀಕರಣವಲ್ಲ, ಅದು ನೂರು ಖಾಲಿ ಪುಟ. ತಾಣದ ಪುಟಗಳ ಪಟ್ಟಿಯನ್ನು ಎಂಜಿನ್‌ಗೆ ಒಪ್ಪಿಸುವ ಸೈಟ್‌ಮ್ಯಾಪ್ 2005ರಲ್ಲಿ, ಒಂದೇ ಪಠ್ಯದ ಹಲವು ಪ್ರತಿಗಳಲ್ಲಿ ಮೂಲ ಯಾವುದೆಂದು ಹೇಳುವ ಕೆನೋನಿಕಲ್ ಗುರುತು 2009ರಲ್ಲಿ ಬಂದವು. ಇವು ಪುಟವನ್ನು ಯಂತ್ರಕ್ಕೆ ತೋರಿಸುತ್ತವೆ. ಯಾವ ಪುಟ ಏಕಿರಬೇಕೆಂಬ ನಿರ್ಧಾರ ಬರೆಯುವವರದೇ.

ಪದದಿಂದ ಪ್ರಶ್ನೆಗೆ

ಆ ನಿರ್ಧಾರಕ್ಕೆ ಬೇಕಾದ ಸಿದ್ಧಾಂತ 2002ರಲ್ಲೇ ಸಿಕ್ಕಿತ್ತು. ಆಂಡ್ರೇ ಬ್ರೋಡರ್ ಹುಡುಕಾಟಗಳನ್ನು ಅವುಗಳ ಉದ್ದೇಶದಂತೆ ಮೂರಾಗಿ ವಿಂಗಡಿಸಿದರು: ಒಂದು ನಿರ್ದಿಷ್ಟ ತಾಣಕ್ಕೆ ಹೋಗಲು, ಏನನ್ನಾದರೂ ತಿಳಿಯಲು, ಕೊಳ್ಳುವಂಥ ಒಂದು ಕೆಲಸ ಮುಗಿಸಲು. ಎಂಜಿನ್‌ಗಳು ಈ ದಿಕ್ಕಿಗೆ ಹೊರಳಿದ್ದು ಮುಂದಿನ ದಶಕದಲ್ಲಿ. 2011ರ ಫೆಬ್ರುವರಿಯ ‘ಪಾಂಡಾ’ ಎಂಬ ಬದಲಾವಣೆ, ಅಮೆರಿಕದಲ್ಲಿ ನಡೆಯುವ ಹುಡುಕಾಟಗಳಲ್ಲಿ ಶೇಕಡಾ 11.8ರಷ್ಟರ ಮೇಲೆ ಪರಿಣಾಮ ಬೀರಿತೆಂದು ಗೂಗಲ್ ತಿಳಿಸಿತು. ಹುಡುಕಾಟದ ಪದಗಳನ್ನು ನೋಡಿಕೊಂಡು ದಿನಕ್ಕೆ ನೂರಾರು ತೆಳು ಲೇಖನ ಹೊಸೆಯುತ್ತಿದ್ದ ತಾಣಗಳು ನೆಲ ಕಚ್ಚಿದವು. 2013ರ ‘ಹಮ್ಮಿಂಗ್‌ಬರ್ಡ್’ ಪೂರ್ತಿ ಪ್ರಶ್ನೆಯ ಅರ್ಥ ಹಿಡಿಯಲು ನೋಡಿತು. 2019ರಲ್ಲಿ ಅಳವಡಿಸಿದ ‘ಬರ್ಟ್’ ಮಾದರಿ ವಾಕ್ಯದಲ್ಲಿ ಪದ ಕುಳಿತ ಜಾಗದಿಂದ ಅರ್ಥ ತೆಗೆಯಿತು.

ಬರೆಯುವವರ ಕಡೆಯಿಂದ ಇದಕ್ಕೆ ಬಂದ ಉತ್ತರವೇ ವಿಷಯಗುಚ್ಛ. 2017ರ ಸುಮಾರಿಗೆ ಹಬ್‌ಸ್ಪಾಟ್ ಎಂಬ ಕಂಪನಿ ಇದನ್ನು ‘ಟಾಪಿಕ್ ಕ್ಲಸ್ಟರ್’ ಎಂದು ಪ್ರಚಾರಕ್ಕೆ ತಂದಿತು. ವಿಶಾಲ ವಿಷಯಕ್ಕೆ ಒಂದು ಕಂಬಪುಟ, ಉಪವಿಷಯಕ್ಕೊಂದು ಲೇಖನ, ಎರಡರ ನಡುವೆ ಹೋಗಿಬರುವ ಕೊಂಡಿ. ಅಡಿಕೆಯ ರೋಗಗಳೆಂಬುದು ಕಂಬಪುಟವಾದರೆ ಕೊಳೆರೋಗ, ಹಿಡಿಮುಂಡಿಗೆ, ಅಣಬೆ ರೋಗ, ಎಲೆಚುಕ್ಕೆ ಒಂದೊಂದು ಲೇಖನ. ಶೇಕಡಾ 1ರ ಬೋರ್ಡೊ ದ್ರಾವಣ ಮಾಡುವ ವಿಧಾನ ಪ್ರತ್ಯೇಕ ಪುಟವಾಗಬೇಕು, ಏಕೆಂದರೆ ಒಂದು ಕೆಜಿ ಮೈಲುತುತ್ತಕ್ಕೆ ಸುಣ್ಣ ಎಷ್ಟು, ನೀರು ಎಷ್ಟು ಲೀಟರ್ ಎಂದು ಮಳೆಗೆ ಮುಂಚೆ ಕೇಳುವವರಿಗೆ ಬೇಕಾದದ್ದು ಅಷ್ಟೇ. ಕೊಳೆರೋಗವನ್ನು ಮಹಾಳಿ ಎಂದು ಕರೆಯುವ ಊರುಗಳಿರುವುದರಿಂದ ಎರಡು ಹೆಸರೂ ಒಂದೇ ಪುಟದಲ್ಲಿರಬೇಕು. ಎರಡು ಹೆಸರಿಗೆ ಎರಡು ಲೇಖನ ಬರೆದರೆ ಅವೆರಡೂ ಒಂದನ್ನೊಂದು ಕೆಳಗೆ ತಳ್ಳುತ್ತವೆ. ರಂಗನಾಥನ್ ಪದ್ಧತಿ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು.

ಒಂದು ಎಚ್ಚರಿಕೆಯೂ ಬೇಕು. ಗುಚ್ಛದಿಂದ ಶ್ರೇಯಾಂಕ ಏರಿತೆಂಬ ವರದಿಗಳಲ್ಲಿ ಹೆಚ್ಚಿನವು ಇದೇ ಸೇವೆ ಮಾರುವ ಕಂಪನಿಗಳವು. ಯಾವ ಅಂಶಕ್ಕೆ ಎಷ್ಟು ತೂಕವೆಂದು ಎಂಜಿನ್‌ಗಳು ಬಿಟ್ಟುಕೊಡುವುದಿಲ್ಲ.

ಕನ್ನಡದ ಬೇರೆ ಲೆಕ್ಕ

ಇಂಗ್ಲಿಷ್ ಬರಹಗಾರರು ಶ್ರೇಯಾಂಕದ ಚಿಂತೆಯಲ್ಲಿದ್ದಾಗ ಕನ್ನಡದವರ ಸಮಸ್ಯೆ ಇನ್ನೂ ಕೆಳಗಿನ ಮೆಟ್ಟಿಲಿನದು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೂ ಬಹುಕಾಲ ನಮ್ಮ ತಾಣಗಳು ತಂತಮ್ಮ ಫಾಂಟುಗಳಲ್ಲೇ ಬರೆದವು. ಪರದೆಯ ಮೇಲೆ ಕನ್ನಡ, ಒಳಗೆ ರೋಮನ್ ಅಕ್ಷರಗಳ ಸಂಕೇತ. ಓದುಗರ ಕಣ್ಣಿಗೆ ಸಂಪಾದಕೀಯವಾಗಿದ್ದುದು ಎಂಜಿನ್ನಿಗೆ ಅರ್ಥವಿಲ್ಲದ ಅಕ್ಷರರಾಶಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಯುನಿಕೋಡನ್ನೇ ಹಿಡಿದದ್ದರಿಂದ ಅಲ್ಲಿನ ಬರಹ ಹುಡುಕಾಟಕ್ಕೆ ದಕ್ಕಿತು. ಶೀರ್ಷಿಕೆಯನ್ನು ಚಿತ್ರವಾಗಿ ಹಾಕುವ, ಪತ್ರಿಕೆಯನ್ನು ಪಿಡಿಎಫ್ ಮಾಡಿ ಏರಿಸಿಬಿಡುವ ರೂಢಿ ಇಂದೂ ಪೂರ್ತಿ ಹೋಗಿಲ್ಲ.

ಯುನಿಕೋಡ್ ಬಂದ ಮೇಲೂ ಕೆಲವು ತೊಡಕುಗಳು ಉಳಿದವು. ನಮ್ಮ ನಾಮಪದಗಳು ವಿಭಕ್ತಿಯೊಡನೆ ರೂಪ ಬದಲಿಸುತ್ತವೆ: ಅಡಿಕೆ, ಅಡಿಕೆಗೆ, ಅಡಿಕೆಯಲ್ಲಿ. ‘ಕೊಳೆರೋಗ’ ಎಂದು ಕೂಡಿಸಿ ಬರೆಯುವವರಿದ್ದಾರೆ, ಬಿಡಿಸಿ ಬರೆಯುವವರೂ ಇದ್ದಾರೆ. ‘ಸಾಫ್ಟ್‌ವೇರ್’ ಎಂಬಲ್ಲಿ ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಅದು ಇದ್ದರೆ ಒಂದು ಪದ, ಇಲ್ಲದಿದ್ದರೆ ಯಂತ್ರದ ಮಟ್ಟಿಗೆ ಇನ್ನೊಂದು. ಪುಟದ ವಿಳಾಸದಲ್ಲಿ ಕನ್ನಡ ಬಳಸಿದರೆ ಒಂದೊಂದು ಸಂಕೇತವೂ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ಐದು ಸಂಕೇತಗಳ ‘ಅಡಿಕೆ’, ವಿಳಾಸವನ್ನು ನಕಲು ಮಾಡಿ ಅಂಟಿಸುವಾಗ 45 ಅಕ್ಷರಗಳಾಗಬಹುದು. ಹಾಗಾಗಿ ಅನುಭವಿಗಳು ವಿಳಾಸವನ್ನು ರೋಮನ್‌ನಲ್ಲಿ ಚಿಕ್ಕದಾಗಿ ಇಟ್ಟು, ಶೀರ್ಷಿಕೆ ಮತ್ತು ಉಪಶೀರ್ಷಿಕೆಗಳನ್ನು ಆಡುಕನ್ನಡಕ್ಕೆ ಹತ್ತಿರವಿಡುತ್ತಾರೆ.

ಉತ್ತರವನ್ನೇ ಕೊಡುವ ಯಂತ್ರ

2022ರಲ್ಲಿ ಗೂಗಲ್, ಎಂಜಿನ್ನಿಗಾಗಿ ಬರೆದ ಬರಹವನ್ನು ಕೆಳಗಿಳಿಸುವ ವ್ಯವಸ್ಥೆ ತಂದಿತು. ಅದೇ ವರ್ಷದ ಕೊನೆಗೆ ತನ್ನ ಗುಣಮಟ್ಟದ ಮಾನದಂಡಗಳಿಗೆ ಬರೆದವರ ಸ್ವಂತ ಅನುಭವವನ್ನೂ ಸೇರಿಸಿತು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ, ಕೊಂಡಿಗಳ ಮೇಲೆ ಕೃತಕ ಬುದ್ಧಿಮತ್ತೆಯ ಸಿದ್ಧ ಉತ್ತರ ಕಾಣಿಸತೊಡಗಿತು. ಉತ್ತರ ಅಲ್ಲೇ ಸಿಕ್ಕಿದ ಮೇಲೆ ಮೂಲ ಪುಟಕ್ಕೆ ಹೋಗುವ ಅಗತ್ಯ ಹಲವರಿಗಿಲ್ಲ. ಬರೆದವರ ಶ್ರಮಕ್ಕೆ ಪ್ರತಿಫಲವೇನೆಂಬ ಪ್ರಶ್ನೆ ಈಗ ಈ ಕ್ಷೇತ್ರದ ಮುಖ್ಯ ಜಗಳ.

ಈ ಹೊಸ ಎಂಜಿನ್‌ಗಳು ಒಂದು ದೊಡ್ಡ ಪ್ರಶ್ನೆಯನ್ನು ಹಲವು ಕಿರುಪ್ರಶ್ನೆಗಳಾಗಿ ಒಡೆದು, ಒಂದೊಂದಕ್ಕೂ ಬೇರೆ ಬೇರೆ ಪುಟ ಹುಡುಕಿ, ಸಿಕ್ಕಿದ್ದನ್ನು ಹೊಲಿಯುತ್ತವೆ. ಮುಖಗಳಾಗಿ ಬಿಡಿಸಿ ಬರೆದ, ಒಂದೊಂದು ಪುಟದಲ್ಲೂ ಒಂದು ಪ್ರಶ್ನೆಗೆ ಖಚಿತ ಉತ್ತರವಿರುವ ತಾಣ ಇಂಥ ಯಂತ್ರದ ಕೈಗೂ ಸುಲಭವಾಗಿ ಸಿಗುತ್ತದೆ. ಉಪಾಯಗಳ ಆಯುಸ್ಸು ಎಂಜಿನ್ನಿನ ಮುಂದಿನ ಬದಲಾವಣೆಯವರೆಗೆ ಮಾತ್ರ. ಜೋಡಣೆಗೆ ಆ ಭಯವಿಲ್ಲದಿರುವುದು ಅದು ಓದುಗರ ಅಗತ್ಯದ ಮೇಲೆ ನಿಂತಿರುವುದರಿಂದ. ಕನ್ನಡದ ಮಟ್ಟಿಗೆ ಆದ್ಯತೆಯ ಕೆಲಸ ಇನ್ನೂ ಹೆಚ್ಚು ಬರೆಯುವುದಲ್ಲ. ಹಳೆಯ ಫಾಂಟುಗಳಲ್ಲೂ ಪಿಡಿಎಫ್‌ಗಳಲ್ಲೂ ಸಿಕ್ಕಿಕೊಂಡಿರುವ ಬರಹವನ್ನು ಯುನಿಕೋಡಿಗೆ ತರುವುದು, ಒಂದೇ ವಿಷಯದ ಚೂರುಗಳನ್ನು ಒಂದು ಪುಟಕ್ಕೆ ಸೇರಿಸುವುದು, ಅನಾಥ ಪುಟಗಳಿಗೆ ಕೊಂಡಿ ಕೊಡುವುದು ಮೊದಲಾಗಬೇಕು. ಇದಕ್ಕೆ ಯಾವ ತಜ್ಞರ ಶುಲ್ಕವೂ ಬೇಕಾಗಿಲ್ಲ, ತಾಣವನ್ನು ಓದುಗರ ಕಣ್ಣಿನಿಂದ ಒಮ್ಮೆ ಮೊದಲಿನಿಂದ ಓದುವ ಸಂಪಾದಕರು ಬೇಕು.