ಇಸ್ತ್ರಿಪೆಟ್ಟಿಗೆ ಮನೆಗೆ ಬಂದ ಬಗೆ

ಹತ್ತಿಯ ಅಂಗಿಯನ್ನು ಒಗೆದು ಹಿಂಡಿ ಒಣಹಾಕಿದಾಗ ಸುಕ್ಕು ಬೀಳುವುದು ಬಟ್ಟೆಯ ದೋಷವಲ್ಲ, ನಾರಿನ ಗುಣ. ಹತ್ತಿಯ ನಾರು ಸೆಲ್ಯುಲೋಸಿನ ಉದ್ದುದ್ದ ಅಣುಸರಪಳಿಗಳಿಂದಾದದ್ದು. ಅಕ್ಕಪಕ್ಕದ ಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿರುತ್ತವೆ. ನೀರು ಒಳಹೊಕ್ಕರೆ ಈ ಬಂಧಗಳು ಸಡಿಲವಾಗುತ್ತವೆ. ನೀರು ಆರುವಾಗ ಬಟ್ಟೆ ಹೇಗೆ ಮುದುಡಿತ್ತೋ ಹಾಗೆಯೇ ಮತ್ತೆ ಬಿಗಿಯುತ್ತವೆ. ಇಸ್ತ್ರಿ ಮಾಡುವವರು ಇದೇ ಕ್ರಿಯೆಯನ್ನು ಬೇಕೆಂದೇ ಇನ್ನೊಮ್ಮೆ ನಡೆಸುತ್ತಾರೆ. ತೇವದಿಂದ ನಾರು ಸಡಿಲವಾಗುತ್ತದೆ, ಭಾರದಿಂದ ಚಪ್ಪಟೆಯಾಗುತ್ತದೆ, ಬಿಸಿಯಿಂದ ಆ ಸ್ಥಿತಿಯಲ್ಲೇ ಒಣಗುತ್ತದೆ. ಮೂರರಲ್ಲಿ ಒಂದು ಕಡಿಮೆಯಾದರೆ ಉಳಿದವು ಅದನ್ನು ತುಂಬಿಕೊಡಬೇಕು. ಇಸ್ತ್ರಿಪೆಟ್ಟಿಗೆಯ ಚರಿತ್ರೆ ಬಹುಮಟ್ಟಿಗೆ ಈ ಲೆಕ್ಕಾಚಾರದ ಚರಿತ್ರೆಯೇ.

ಕೆಂಡ ತುಂಬಿದ ಲೋಹದ ಬಾಣಲೆಯನ್ನು ಬಟ್ಟೆಯ ಮೇಲೆ ಆಡಿಸುವ ಪದ್ಧತಿ ಚೀನದಲ್ಲಿ ಬಹಳ ಹಳೆಯದು. ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿರುವ ಒಂದು ಸುರುಳಿಚಿತ್ರ ಇದಕ್ಕೆ ಸಾಕ್ಷಿ. 12ನೆಯ ಶತಮಾನದ ಆರಂಭದ ಈ ಚಿತ್ರ ಹ್ವೇಜೋಂಗ್ ಚಕ್ರವರ್ತಿಯ ಹೆಸರಿನಲ್ಲಿದೆ. ಅದರ ಮೂಲ 8ನೆಯ ಶತಮಾನದ ಚಿತ್ರಕಾರ ಜಾಂಗ್ ಶ್ವಾನ್‌ನದು. ಅರಮನೆಯ ಹೆಂಗಸರು ಹೊಸ ರೇಷ್ಮೆಯನ್ನು ಎರಡೂ ತುದಿಯಲ್ಲಿ ಹಿಡಿದೆಳೆದು ನಿಂತಿದ್ದಾರೆ, ಒಬ್ಬಳು ಅದರ ಮೇಲೆ ಕೆಂಡದ ಬಾಣಲೆ ಸರಿಸುತ್ತಿದ್ದಾಳೆ, ಬಟ್ಟೆಯ ಕೆಳಗೆ ಪುಟ್ಟ ಹುಡುಗಿಯೊಬ್ಬಳು ಆಟದಲ್ಲಿದ್ದಾಳೆ. ಮೇಜು ಎಲ್ಲಿಯೂ ಇಲ್ಲ. ತೆಳು ರೇಷ್ಮೆಗೆ ಭಾರ ಬೇಕಿಲ್ಲ, ಎಳೆತ ಸಾಕು.

ಯುರೋಪಿನ ಉತ್ತರದ ಜನ ಬೆಂಕಿಯಿಲ್ಲದೆಯೇ ಕೆಲಸ ಸಾಗಿಸಿದರು. ವೈಕಿಂಗರ ಕಾಲದ ನೆಲೆಗಳಲ್ಲಿ ಅಂಗೈಯಲ್ಲಿ ಹಿಡಿಯುವಂಥ ಗಾಜಿನ ಗುಂಡುಗಳೂ ತಿಮಿಂಗಿಲದ ಮೂಳೆಯ ಹಲಗೆಗಳೂ ಸಿಕ್ಕಿವೆ. ನಾರುಬಟ್ಟೆಯನ್ನು ಹಲಗೆಯ ಮೇಲೆ ಹರಡಿ ಗಾಜಿನಿಂದ ಉಜ್ಜುತ್ತಿದ್ದರೆಂದು ತಿಳಿಯಲಾಗಿದೆ. ಮುಂದೆ ಒಲೆಯ ಮೇಲೆ ಕಾಯಿಸುವ ಗಟ್ಟಿ ಕಬ್ಬಿಣದ ತುಂಡು ಬಂತು. ಅದರ ತಾಪತ್ರಯ ಎರಡು: ತಳ ಬೇಗ ತಣಿಯುತ್ತಿತ್ತು, ಹಿಡಿ ಕೈ ಸುಡುತ್ತಿತ್ತು. 1871ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬಾಕೆ ಕಳಚಿ ಜೋಡಿಸಬಲ್ಲ ಮರದ ಹಿಡಿಗೆ ಪೇಟೆಂಟ್ ಪಡೆದಳು. ಒಂದು ತಳದಿಂದ ಕೆಲಸ ನಡೆಯುವಾಗ ಉಳಿದವು ಒಲೆಯ ಮೇಲೆ ಕಾಯುತ್ತಿರುತ್ತವೆ, ಹಿಡಿ ಮಾತ್ರ ತಣ್ಣಗಿರುತ್ತದೆ. ಕೆಂಡವನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಪೆಟ್ಟಿಗೆಗೆ ಈ ಓಡಾಟವೇ ಬೇಕಿಲ್ಲ. ಅಂಗಳದಲ್ಲೋ ಮರದಡಿಯಲ್ಲೋ ಇಡೀ ದಿನ ನಿಂತು ಕೆಲಸ ಮಾಡುವ ಭಾರತದ ಅಗಸರಿಗೆ ಇದೇ ಒಗ್ಗಿತು.

ಆ ಪೆಟ್ಟಿಗೆಗೆ ಮೊದಲೂ ಈ ನೆಲದಲ್ಲಿ ಬಟ್ಟೆಗೆ ನುಣುಪು ಕೊಡುವ ಕಸಬು ಇತ್ತು. ಢಾಕಾದ ಮಸ್ಲಿನ್ನಿಗೆ ಅಕ್ಕಿಯ ಗಂಜಿನೀರು ಚಿಮುಕಿಸಿ, ಶಂಖದಿಂದ ಬಡಿದು ಹೊಳಪು ತರುವ ಕುಂದಿಗಾರರ ವಿಷಯ 19ನೆಯ ಶತಮಾನದ ವಿವರಣೆಗಳಲ್ಲಿ ಬರುತ್ತದೆ. ಅಲ್ಲಿಯೂ ಲೆಕ್ಕ ಅದೇ. ಬಿಸಿ ಇಲ್ಲದ ಕಡೆ ತೇವಕ್ಕೂ ಏಟಿಗೂ ಹೆಚ್ಚು ಕೆಲಸ.

ಕರ್ನಾಟಕದ ಹಳ್ಳಿಯಲ್ಲಿ ಅಗಸ ಆಯಗಾರರಲ್ಲಿ ಒಬ್ಬನಾಗಿದ್ದ. ಸುಗ್ಗಿಯಲ್ಲಿ ಕಣಕ್ಕೆ ಬಂದು ಧಾನ್ಯದ ಆಯ ಪಡೆಯುತ್ತಿದ್ದ, ವರ್ಷವಿಡೀ ಊರಿನ ಬಟ್ಟೆ ಒಗೆಯುತ್ತಿದ್ದ. 12ನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಿದೇವ ಈ ಕಾಯಕದವನು. ಸವಳುಮಣ್ಣು ಹಚ್ಚಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಕಲ್ಲಿಗೆ ಒಗೆದು, ಬಿಸಿಲಿಗೆ ಹರಡುವಷ್ಟರಲ್ಲಿ ಕೆಲಸದ ಮುಕ್ಕಾಲು ಪಾಲು ಮುಗಿಯುತ್ತಿತ್ತು. ಯಾರ ಬಟ್ಟೆ ಯಾವುದು ಎಂಬುದಕ್ಕೆ ಕೇರುಬೀಜದ ರಸದಿಂದ ಮೂಲೆಯಲ್ಲಿ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಅದು ಹೋಗದು. ಪಂಚೆ, ಸೀರೆ, ವಸ್ತ್ರ ಎಲ್ಲವೂ ಹೊಲಿಗೆಯಿಲ್ಲದ ಉದ್ದನೆಯ ತುಂಡುಗಳು. ಇಬ್ಬರು ಎದುರುಬದುರು ನಿಂತು ಜಗ್ಗಿ, ಅಂಚಿಗೆ ಅಂಚು ಕೂಡಿಸಿ ಮಡಚಿದರೆ ತಮ್ಮ ಭಾರಕ್ಕೆ ತಾವೇ ಸಪಾಟಾಗುತ್ತವೆ. ದೇವರ ಪೂಜೆಗೆ ಉಡುವ ಮಡಿಬಟ್ಟೆಯಂತೂ ಆಚಾರವಂತರ ಮನೆಗಳಲ್ಲಿ ಅಗಸರ ಕೈಗೆ ಹೋಗುತ್ತಲೇ ಇರಲಿಲ್ಲ. ಊರಿಗೆಲ್ಲ ಬಟ್ಟೆ ಶುಭ್ರ ಮಾಡಿಕೊಟ್ಟವನ ಕೈಯನ್ನೇ ಮೈಲಿಗೆ ಎಂದ ಈ ಏರ್ಪಾಟಿನ ವಿಪರ್ಯಾಸ ಆ ಮನೆಗಳವರಿಗೆ ತಟ್ಟಿದಂತಿಲ್ಲ.

ಲೆಕ್ಕ ಬದಲಾದದ್ದು ಹೊಲಿದ ಅಂಗಿಯಿಂದ. ಕಚೇರಿ, ಕೋರ್ಟು, ಶಾಲೆಗಳ ಜೊತೆ ಕಾಲರು, ಕಫು, ಗುಂಡಿಪಟ್ಟಿಗಳಿರುವ ಷರಟು ಊರೂರಿಗೆ ಬಂತು. ಎರಡು ಮೂರು ಪದರ ಬಟ್ಟೆ ಸೇರಿಸಿ ಹೊಲಿದ ಈ ಭಾಗಗಳು ಒಗೆತದಲ್ಲಿ ಒಂದೊಂದು ಪದರ ಒಂದೊಂದು ತೆರನಾಗಿ ಕುಗ್ಗಿ ಮುದುಡುತ್ತವೆ. ಜಗ್ಗಿ ಮಡಚಿದರೆ ಅವು ನೇರವಾಗವು; ಒತ್ತಲೇಬೇಕು. ಬಿಳಿ ಬಟ್ಟೆಗೆ ಗಂಜಿಯೂ ನೀಲಿಯೂ ಕಡ್ಡಾಯವಾದವು. ನೀಲಿ ಅಗ್ಗವಾಗಿ ಸಿಗುವಂತಾದದ್ದು 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಿಮೆ ಎಂಬಾತ ಅಲ್ಟ್ರಾಮರೀನ್ ಎಂಬ ನೀಲಿಬಣ್ಣವನ್ನು ಕೃತಕವಾಗಿ ತಯಾರಿಸಿದ ಮೇಲೆ. ಗಂಜಿ ಮಾತ್ರ ಅಡುಗೆಮನೆಯದೇ.

ಅಗಸರ ಇದ್ದಿಲಪೆಟ್ಟಿಗೆ ಹಿತ್ತಾಳೆಯದು ಅಥವಾ ಎರಕದ ಕಬ್ಬಿಣದ್ದು, ತೂಕ ಐದು ಕಿಲೋಗ್ರಾಮಿನಿಂದ ಮೇಲೆ. ಪಕ್ಕದಲ್ಲಿ ಗಾಳಿಗೆ ತೂತು, ಮೇಲೆ ಕೀಲಿನ ಮುಚ್ಚಳ, ಮುಂದೆ ಕೆಲವೊಮ್ಮೆ ಕೋಳಿಯ ಆಕಾರದ ಕೊಂಡಿ. ಸೌದೆಯ ಇದ್ದಿಲು ಸಾಮಾನ್ಯ. ತೆಂಗು ಹೇರಳವಾಗಿರುವ ಕರಾವಳಿಯಲ್ಲಿ ಕರಟದ ಕೆಂಡ. ಕಾವು ಇಳಿದರೆ ಪೆಟ್ಟಿಗೆಯನ್ನು ಹಿಂದೆ ಮುಂದೆ ತೂಗಿ ಗಾಳಿ ಆಡಿಸಬೇಕು, ಏರಿದರೆ ಒದ್ದೆ ಬಟ್ಟೆಗೆ ಸವರಿ ತಣಿಸಬೇಕು. ಹಾಗೆ ಸವರಿದಾಗ ತಳಕ್ಕೆ ಅಂಟಿದ ಬೂದಿಯೂ ಹೋಗುತ್ತದೆ. ಬೆರಳಿನಿಂದ ಚಿಮುಕಿಸಿದ ನೀರು ಚುರ್ರೆಂದು ಹಾರುವ ಬಗೆ ನೋಡಿ ಕಾವು ಅಳೆಯುತ್ತಿದ್ದರು. ಕಿಡಿ ಹಾರಿ ತೂತು ಬೀಳುವ ಅಪಾಯ ಇದ್ದೇ ಇತ್ತು. ಆದರೂ ಗಂಜಿ ಹಾಕಿದ ಖಾದಿಗೆ ಆ ಪೆಟ್ಟಿಗೆ ಕೊಡುತ್ತಿದ್ದ ಅಲಗಿನಂಥ ಗೆರೆಯನ್ನು ಇಂದಿನ ಮನೆಯ ಇಸ್ತ್ರಿ ಕೊಡಲಾರದು, ಕಾರಣ ತೂಕ.

ಪೆಟ್ಟಿಗೆ ಕೊಳ್ಳಲಾಗದ ಮನೆಗಳಲ್ಲಿ ಹಿತ್ತಾಳೆ ಚೊಂಬಿಗೆ ಕೆಂಡ ಹಾಕಿ, ಕಂಠವನ್ನು ಬಟ್ಟೆಯಿಂದ ಹಿಡಿದು ಅಂಗಿಯ ಮೇಲೆ ಉಜ್ಜುತ್ತಿದ್ದರು. ಅದೂ ಬೇಡವೆಂದರೆ ಅಂಗಿಯನ್ನು ಅರ್ಧ ಒಣಗಿರುವಾಗಲೇ ನೀಟಾಗಿ ಮಡಚಿ ಹಾಸಿಗೆಯ ಕೆಳಗಿಟ್ಟು ಮಲಗುವುದು. ಶಾಲಾ ಮಕ್ಕಳ ಸಮವಸ್ತ್ರಗಳು ಎಷ್ಟೋ ಕಾಲ ಹೀಗೆಯೇ ಸಪಾಟಾದವು. ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ: ತೇವ ಉಂಟು, ಭಾರ ಉಂಟು, ಬಿಸಿಯ ಬದಲು ಇಡೀ ರಾತ್ರಿ ಉಂಟು.

ವಿದ್ಯುತ್ ಇಸ್ತ್ರಿಗೆ ನ್ಯೂಯಾರ್ಕಿನ ಹೆನ್ರಿ ಸೀಲಿ 1882ರ ಜೂನಿನಲ್ಲಿ ಪೇಟೆಂಟ್ ಪಡೆದ. ಆಗ ಅದನ್ನು ಕಾಯಿಸಲು ಬಹುತೇಕ ಮನೆಗಳಲ್ಲಿ ವಿದ್ಯುತ್ತೇ ಇರಲಿಲ್ಲ. ಅದೇ ಊರಿನ ಪರ್ಲ್ ಬೀದಿಯಲ್ಲಿ ಎಡಿಸನ್ನನ ವಿದ್ಯುದಾಗಾರ ಶುರುವಾದದ್ದು ಆ ಸೆಪ್ಟೆಂಬರಿನಲ್ಲಿ. ಇಸ್ತ್ರಿ ಮನೆಮಾತಾದದ್ದು ಎರಡು ದಶಕದ ನಂತರ. ಕ್ಯಾಲಿಫೋರ್ನಿಯದ ಅರ್ಲ್ ರಿಚರ್ಡ್‌ಸನ್ ತನ್ನ ಇಸ್ತ್ರಿಯನ್ನು ಬಳಕೆದಾರರಿಗೆ ಕೊಟ್ಟ. ಆದರೆ ಅಲ್ಲಿ ವಿದ್ಯುತ್ ಹರಿಯುತ್ತಿದ್ದದ್ದು ರಾತ್ರಿ ದೀಪಕ್ಕೆ ಮಾತ್ರ. ಅಮೆರಿಕದ ಗೃಹಿಣಿಯರು ಸೋಮವಾರ ಒಗೆದು ಮಂಗಳವಾರ ಇಸ್ತ್ರಿ ಮಾಡುವವರಾದ್ದರಿಂದ ಮಂಗಳವಾರ ಹಗಲೂ ವಿದ್ಯುತ್ ಬಿಡುವಂತೆ ಏರ್ಪಾಟಾಯಿತು. ತಳದ ನಡುಭಾಗ ಮಾತ್ರ ಕಾಯುತ್ತದೆ, ಗುಂಡಿಗಳ ಸುತ್ತ ಹೋಗುವ ತುದಿ ಕಾಯುವುದಿಲ್ಲ ಎಂಬ ಹೆಂಗಸರ ದೂರು ಕೇಳಿ ಅವನು ತುದಿಗೂ ಕಾವು ತಂದ. ಹಾಟ್‌ಪಾಯಿಂಟ್ ಎಂಬ ಹೆಸರು ಬಂದದ್ದು ಆಗಲೇ.

ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಮನೆಯ ಇಸ್ತ್ರಿಯ ಸರದಿ ಬಂದದ್ದು ಬಹಳ ತಡವಾಗಿ. ಬರೀ ದೀಪಕ್ಕೆಂದು ತಂತಿ ಎಳೆದ ಮನೆಗಳಲ್ಲಿ ಬಲ್ಬಿನ ಹೋಲ್ಡರಿಗೇ ಇಸ್ತ್ರಿಯ ವೈರು ಸಿಕ್ಕಿಸುವ ಅಪಾಯದ ರೂಢಿಯೂ ಇತ್ತು. 1000 ವಾಟಿನ ಇಸ್ತ್ರಿ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ದೀಪದ ತೆಳು ತಂತಿ ಅದಕ್ಕಾಗಿ ಹಾಕಿದ್ದಲ್ಲ. ಎರಡು ಲೋಹದ ಪಟ್ಟಿ ಬೆಸೆದ ಥರ್ಮೋಸ್ಟ್ಯಾಟ್ ಸೇರಿದ ಮೇಲೆ ಕಾವು ಅಳೆಯುವ ಕೆಲಸ ಬೆರಳಿನಿಂದ ಗುಂಡಿಗೆ ದಾಟಿತು. ಹಬೆಯ ಇಸ್ತ್ರಿ 1926ರಲ್ಲೇ ನ್ಯೂಯಾರ್ಕಿನ ಮಾರುಕಟ್ಟೆಗೆ ಬಂದರೂ ಬಳಕೆಗೆ ಬರಲು ದಶಕಗಳು ಹಿಡಿದವು.

ಇಷ್ಟರಲ್ಲಿ ಒಂದು ಸಂಗತಿ ಸದ್ದಿಲ್ಲದೆ ನಡೆದುಹೋಗಿತ್ತು. ಪೆಟ್ಟಿಗೆಯ ತೂಕ ಒಂದು ಕಿಲೋಗ್ರಾಮಿನ ಆಸುಪಾಸಿಗೆ ಇಳಿಯಿತು. ಕೈನೋವು ತಪ್ಪಿತು, ಒತ್ತಡವೂ ಹೋಯಿತು. ಕಳೆದ ಭಾರವನ್ನು ತೇವವೇ ತುಂಬಬೇಕು. ಗರಿಗರಿ ಒಣಗಿದ ಹತ್ತಿ ಅಂಗಿಯ ಮೇಲೆ ಹಗುರ ಇಸ್ತ್ರಿಯನ್ನು ಎಷ್ಟು ಸಲ ಎಳೆದರೂ ಸುಕ್ಕು ಜಗ್ಗದಿರುವುದು ಇದರಿಂದ. ಅಂಗಿಯನ್ನು ಸ್ವಲ್ಪ ಹಸಿಯಿರುವಾಗಲೇ ತೆಗೆಯಬೇಕು, ಇಲ್ಲವೇ ನೀರು ಚಿಮುಕಿಸಿ ಸುತ್ತಿ ಸ್ವಲ್ಪ ಹೊತ್ತು ಬಿಡಬೇಕು. ಆಗ ತೇವ ಎಲ್ಲ ಕಡೆ ಸಮನಾಗಿ ಹರಡುತ್ತದೆ.

ಅಂಗಿಯ ಭಾಗಗಳನ್ನು ಒತ್ತುವ ಕ್ರಮಕ್ಕೆ ಕಾರಣ ಬೇರೆ: ಒಮ್ಮೆ ಒತ್ತಿದ್ದು ಮತ್ತೆ ಮುದುಡಬಾರದು. ಅದಕ್ಕೇ ಚಿಕ್ಕವೂ ದಪ್ಪವೂ ಆದ ಭಾಗ ಮೊದಲು, ಅಗಲವಾದದ್ದು ಕೊನೆಗೆ. ಕಾಲರಿನ ಒಳಮೈಯನ್ನು ಮೊದಲು, ಎರಡೂ ತುದಿಗಳಿಂದ ನಡುವಿಗೆ ಒತ್ತಬೇಕು. ನಡುವಿನಿಂದ ತುದಿಗೆ ತಳ್ಳಿದರೆ ಮೇಲ್ಪದರ ಸರಿದು ತುದಿಯಲ್ಲಿ ನೆರಿಗೆ ಕೂರುತ್ತದೆ. ಆಮೇಲೆ ಹೆಗಲಪಟ್ಟಿ, ಕಫು, ತೋಳು. ತೋಳನ್ನು ಕೆಳಹೊಲಿಗೆಯ ನೇರಕ್ಕೆ ಹಾಸಿದರೆ ಎರಡು ಗೆರೆ ಬೀಳುವುದಿಲ್ಲ. ಕೊನೆಗೆ ಮುಂಭಾಗ, ಬೆನ್ನು. ಗುಂಡಿಗಳ ಮೇಲೆ ಹತ್ತದೆ ಅವುಗಳ ನಡುವೆ ತುದಿ ಆಡಿಸಬೇಕು. ಇಸ್ತ್ರಿ ಮುಗಿದ ಅಂಗಿಯನ್ನು ಕೂಡಲೇ ತೊಡಬಾರದು. ಬಿಸಿಯೂ ತೇವವೂ ಆರುವವರೆಗೆ ನೇತುಹಾಕಬೇಕು, ಇಲ್ಲವಾದರೆ ಮೈಯ ಸುಕ್ಕೇ ಅಚ್ಚಾಗುತ್ತದೆ.

1941ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಟೆರಿಲೀನ್ ಎಂಬ ಕೃತಕ ನೂಲು ಭಾರತಕ್ಕೆ ಬಂದು ಟೆರಿಕಾಟ್ ಷರಟಾದಾಗ ಇಸ್ತ್ರಿಯ ದಿನಗಳು ಮುಗಿದವೆಂದೇ ಜನ ನಂಬಿದ್ದರು. ಮುಗಿಯಲಿಲ್ಲ, ಕಾವು ಇಳಿಸುವ ಎಚ್ಚರವೊಂದು ಸೇರಿತು ಅಷ್ಟೆ. ಅಂಗಿಯ ಸೂಚನಾಪಟ್ಟಿಯ ಮೇಲಿನ ಪುಟ್ಟ ಇಸ್ತ್ರಿಚಿತ್ರದೊಳಗೆ ಒಂದು ಚುಕ್ಕಿ ಇದ್ದರೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡಿದ್ದರೆ 150, ಮೂರಿದ್ದರೆ 200. ಕೃತಕ ನೂಲಿಗೆ ಒಂದು, ರೇಷ್ಮೆ ಉಣ್ಣೆಗಳಿಗೆ ಎರಡು, ಹತ್ತಿಗೆ ಮೂರು ಎಂಬುದು ಸಾಮಾನ್ಯ ಲೆಕ್ಕ. ಮಿಶ್ರ ಬಟ್ಟೆಯಲ್ಲಿ ಸೂಕ್ಷ್ಮವಾದ ನೂಲಿನ ಮಾತೇ ನಡೆಯಬೇಕು.

ಬೀದಿಯ ತಳ್ಳುಗಾಡಿಗಳಲ್ಲಿ ಇದ್ದಿಲು ಇನ್ನೂ ಉಳಿದಿದೆ. ಅದರ ಬದಲಿಗೆಂದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಆಗ ಶಾಲಾ ವಿದ್ಯಾರ್ಥಿನಿಯಾಗಿದ್ದ ವಿನಿಶಾ ಉಮಾಶಂಕರ್ ರೂಪಿಸಿದ ಸೌರಶಕ್ತಿಯ ಇಸ್ತ್ರಿಗಾಡಿ 2020ರಲ್ಲಿ ಮಕ್ಕಳ ಹವಾಮಾನ ಪ್ರಶಸ್ತಿ ಪಡೆಯಿತು. ಬೆಂಗಳೂರಿನಲ್ಲಿ ಈಚೆಗೆ ಹೆಚ್ಚಾಗಿ ಕಾಣುವುದು ಅಡುಗೆ ಅನಿಲದ ಪೆಟ್ಟಿಗೆ. ಸಿಲಿಂಡರಿನಿಂದ ರಬ್ಬರ್ ಕೊಳವೆ ಪೆಟ್ಟಿಗೆಯೊಳಗೆ ಹೋಗುತ್ತದೆ, ಕಾವು ನಿಮಿಷಗಳಲ್ಲಿ ಏರುತ್ತದೆ, ಬೂದಿ ಇಲ್ಲ, ಕಿಡಿ ಇಲ್ಲ. ಇದ್ದಿಲಪೆಟ್ಟಿಗೆಯ ತೂಕವನ್ನು ಮಾತ್ರ ಅದರ ತಯಾರಕರು ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡಿದ್ದಾರೆ.