ತಾಯಿಯ ಮೇಲಿನ ಅಪವಾದ: ಆಟಿಸಂ ಚರಿತ್ರೆಯ ಕೆಲವು ಪುಟಗಳು

ಹೋದ ವರ್ಷದ ರಾಜ್ಯೋತ್ಸವದ ಸಂಜೆ ನಮ್ಮ ಸಭೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಕೆಲವು ಸದಸ್ಯರಿಗಾದರೂ ನೆನಪಿರಬಹುದು. ನಾಡಗೀತೆ ಮುಗಿದು, ಧ್ವನಿವರ್ಧಕ ಒಮ್ಮೆ ಕಿರ್ರೆಂದು, ಸ್ವಾಗತ ಭಾಷಣ ಆರಂಭವಾಗುತ್ತಿದ್ದಂತೆಯೇ ಮೂರನೆಯ ಸಾಲಿನಲ್ಲಿದ್ದ ಆರೇಳು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಕಿರುಚತೊಡಗಿದ. ತಾಯಿ ಅವನನ್ನು ಎತ್ತಿಕೊಂಡು ತಲೆ ತಗ್ಗಿಸಿ ಹೊರಗೆ ನಡೆದರು. ಆಗ ಹಿಂದಿನ ಸಾಲುಗಳಿಂದ ಬಂದ ಮಾತುಗಳನ್ನು ನಾವೂ ಕೇಳಿದೆವು. ‘ಮಗುವಿಗೆ ಒಂದಿಷ್ಟು ಶಿಸ್ತು ಕಲಿಸಬಾರದೆ?’ ‘ಇಬ್ಬರೂ ಕೆಲಸಕ್ಕೆ ಹೋದರೆ ಇನ್ನೇನಾದೀತು?’ ‘ಊರಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದಿದ್ದರೆ ಹೀಗಾಗುತ್ತಿರಲಿಲ್ಲ.’ ಹೀಗೆ ಆಡಿದವರು ಕೆಟ್ಟವರೇನಲ್ಲ. ಕಷ್ಟಕಾಲಕ್ಕೆ ಒದಗುವ ನಮ್ಮವರೇ. ನಾವು ಕೂಡ ಬಾಯಿ ಬಿಡದೆ ಕುಳಿತಿದ್ದೆವು. ಆ ಸಂಸಾರ ಸಂಕ್ರಾಂತಿಗೂ ಬರಲಿಲ್ಲ, ಯುಗಾದಿಗೂ ಬರಲಿಲ್ಲ.

ಹುಡುಗನಿಗೆ ಆಟಿಸಂ ಇದೆಯೆಂದು ಆಮೇಲೆ ತಿಳಿಯಿತು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುತ್ತಾರೆ. ಆ ಸಂಜೆ ಆಡಿದ ಮಾತುಗಳಿಗೆ ಒಂದು ದೊಡ್ಡ ಚರಿತ್ರೆಯಿದೆ ಎಂಬುದು ಈ ವಿಷಯವನ್ನು ಓದುತ್ತ ಹೋದಂತೆ ನಮಗೆ ಗೊತ್ತಾಯಿತು. ಆ ಅಪವಾದವನ್ನು ಹೊರಿಸಿದವರು ಹೆಸರಾಂತ ಪಂಡಿತರು. ಅದನ್ನು ಇಳಿಸಲು ಮುಂದೆ ಬಂದವರು ಮಕ್ಕಳ ತಂದೆತಾಯಿಗಳು. ಆ ಚರಿತ್ರೆಯನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಹೆಸರು ಬಂದ ಬಗೆ

ಆಟಿಸಂ ಎಂಬ ಪದದ ಮೂಲ ಗ್ರೀಕ್ ಭಾಷೆಯ ‘ತಾನು’ ಎಂಬ ಅರ್ಥದ ಶಬ್ದ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1911ರ ತಮ್ಮ ಗ್ರಂಥದಲ್ಲಿ ಇದನ್ನು ಬಳಸಿದ್ದು ವಯಸ್ಕರ ಮನೋರೋಗವೊಂದರ ಲಕ್ಷಣವನ್ನು ಹೇಳುವುದಕ್ಕೆ. ಮಕ್ಕಳಲ್ಲಿ ಈ ಸ್ಥಿತಿಯನ್ನು ಕಂಡು ವಿವರವಾಗಿ ಬರೆದವರಲ್ಲಿ ಮೊದಲಿಗರೆಂದರೆ ಮಾಸ್ಕೋದ ವೈದ್ಯೆ ಗ್ರೂನ್ಯಾ ಸುಖರೇವಾ. 1925ರಲ್ಲೇ ಅವರು ಆರು ಹುಡುಗರ ವೃತ್ತಾಂತ ಬರೆದಿದ್ದರೂ ಅದು ಬಹುಕಾಲ ಮರೆವಿನಲ್ಲಿ ಬಿದ್ದಿತ್ತು. ಲೋಕದ ಕಣ್ಣಿಗೆ ಬಿದ್ದದ್ದು 1943ರಲ್ಲಿ ಅಮೆರಿಕಾದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಲಿಯೊ ಕ್ಯಾನರ್ ಬರೆದ ಪ್ರಬಂಧ. ಎಂಟು ಹುಡುಗರು, ಮೂವರು ಹುಡುಗಿಯರು, ಹೀಗೆ ಹನ್ನೊಂದು ಮಕ್ಕಳ ಕಥೆ ಅದರಲ್ಲಿತ್ತು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಕೂಡ ಇಂಥದೇ ಮಕ್ಕಳ ಬಗ್ಗೆ ಬರೆದರು. ನಾಜಿಗಳು ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಆಸ್ಪತ್ರೆಗೆ ಕೆಲವು ಮಕ್ಕಳನ್ನು ಕಳುಹಿಸುವುದರಲ್ಲಿ ಇದೇ ಆಸ್ಪರ್ಗರರ ಕೈಯೂ ಇತ್ತೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು.

ಹೆಸರು ಹೊಸದಾದರೂ ಇಂಥ ಮಕ್ಕಳು ಹಿಂದೆ ಇರಲಿಲ್ಲವೆಂದು ಅರ್ಥವಲ್ಲ. ನಮ್ಮ ಹಳ್ಳಿಗಳಲ್ಲೂ ಇದ್ದರು. ಕೆಲವರನ್ನು ಪೆದ್ದರೆಂದರು, ಕೆಲವರನ್ನು ಮೂಕರೆಂದರು, ಕೆಲವರಿಗೆ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು, ಇನ್ನು ಕೆಲವರನ್ನು ದೇವರ ಮಗುವೆಂದು ಸುಮ್ಮನೆ ಬಿಟ್ಟರು.

ತಣ್ಣಗಿನ ತಾಯಿ

ಕ್ಯಾನರರು 1943ರ ಪ್ರಬಂಧದಲ್ಲಿ ಎರಡು ಮಾತು ಹೇಳಿದ್ದರು. ಇದು ಹುಟ್ಟಿನಿಂದಲೇ ಬರುವ ಸ್ಥಿತಿ ಎಂಬುದು ಒಂದು. ಈ ಮಕ್ಕಳ ತಂದೆತಾಯಿಗಳಲ್ಲಿ ನಿಜವಾದ ಮಮತೆಯುಳ್ಳವರು ಕಡಿಮೆ ಎಂಬುದು ಇನ್ನೊಂದು. ಮುಂದಿನ ಇಪ್ಪತ್ತು ವರ್ಷ ಜನ ಮೊದಲನೆಯದನ್ನು ಮರೆತು ಎರಡನೆಯದನ್ನೇ ಹಿಡಿದರು. ಸ್ವತಃ ಕ್ಯಾನರರೇ 1949ರಲ್ಲಿ ಬರೆಯುತ್ತ, ಈ ಮಕ್ಕಳು ಶೀತಪೆಟ್ಟಿಗೆಯಲ್ಲಿಟ್ಟಂತೆ ಬೆಳೆದವರೆಂಬ ಹೋಲಿಕೆ ಕೊಟ್ಟರು. ಅದರಿಂದಲೇ ‘ರೆಫ್ರಿಜರೇಟರ್ ತಾಯಿ’ ಎಂಬ ಮಾತು ಹುಟ್ಟಿಕೊಂಡಿತು.

ಇಲ್ಲಿ ಒಂದು ಲೆಕ್ಕದ ತಪ್ಪನ್ನು ಗಮನಿಸಬೇಕು. ಕ್ಯಾನರರ ಬಳಿಗೆ ಬಂದ ತಂದೆತಾಯಿಗಳಲ್ಲಿ ಹೆಚ್ಚಿನವರು ವಕೀಲರು, ವೈದ್ಯರು, ಪ್ರಾಧ್ಯಾಪಕರು. ವಿದ್ಯಾವಂತರ ಮನೆಯಲ್ಲೇ ಇದು ಹೆಚ್ಚು ಎಂದು ಇದರಿಂದ ಊಹಿಸಿದರು. ದೂರದ ಊರುಗಳಿಂದ ಬಾಲ್ಟಿಮೋರಿನ ತಜ್ಞರನ್ನು ಹುಡುಕಿಕೊಂಡು ಬರುವ ಶಕ್ತಿ ಆಗ ಇದ್ದುದು ಅಂಥವರಿಗೆ ಮಾತ್ರ ಎಂಬುದು ಯಾರಿಗೂ ಹೊಳೆಯಲಿಲ್ಲ. ತೂಗಿದ ತಕ್ಕಡಿಯೇ ಓರೆಯಾಗಿತ್ತು.

ಈ ಅಪವಾದಕ್ಕೆ ಶಾಸ್ತ್ರದ ಬಣ್ಣ ಬಳಿದವರು ಷಿಕಾಗೋದಲ್ಲಿ ಮಕ್ಕಳ ವಸತಿಶಾಲೆಯೊಂದನ್ನು ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್. ಅವರು ನಾಜಿಗಳ ಸೆರೆಶಿಬಿರದಲ್ಲಿ ನರಳಿ ಬದುಕಿ ಬಂದವರು. 1967ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಮಕ್ಕಳನ್ನು ಸೆರೆಶಿಬಿರದ ಕೈದಿಗಳಿಗೆ ಹೋಲಿಸಿತು. ಹಾಗಾದರೆ ಕಾವಲುಗಾರರ ಸ್ಥಾನದಲ್ಲಿ ನಿಂತವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಮಗುವನ್ನು ತಂದೆತಾಯಿಯಿಂದ ದೂರವಿಡುವುದೇ ಚಿಕಿತ್ಸೆ ಎಂದಾಯಿತು. ಎಷ್ಟೋ ತಾಯಂದಿರು, ‘ನನ್ನ ಪ್ರೀತಿ ಸಾಲದ್ದರಿಂದಲೇ ಮಗು ಹೀಗಾಯಿತೆ?’ ಎಂದು ತಮ್ಮನ್ನೇ ಕೇಳಿಕೊಳ್ಳುತ್ತ ವರ್ಷಗಳನ್ನು ಕಳೆದರು. ಅದೇ ಮನೆಯಲ್ಲಿ ಅದೇ ತಾಯಿ ಬೆಳೆಸಿದ ಉಳಿದ ಮಕ್ಕಳು ಚೆನ್ನಾಗಿಯೇ ಇದ್ದರಲ್ಲ ಎಂಬ ಸಾಮಾನ್ಯ ಪ್ರಶ್ನೆಗೆ ಯಾರೂ ಕಿವಿಗೊಡಲಿಲ್ಲ.

ತಂದೆತಾಯಿಗಳ ಉತ್ತರ

ಉತ್ತರ ಕೊಟ್ಟವರಲ್ಲಿ ಮುಖ್ಯರು ಬರ್ನಾರ್ಡ್ ರಿಮ್ಲೆಂಡ್. ಇವರು ಅಮೆರಿಕಾದ ನೌಕಾಪಡೆಯಲ್ಲಿ ನೌಕರಿಯಲ್ಲಿದ್ದ ಮನಃಶಾಸ್ತ್ರಜ್ಞರು. ಇವರ ಮಗನಿಗೇ ಆಟಿಸಂ ಇತ್ತು. ಕಚೇರಿಯ ಕೆಲಸದ ಜೊತೆಗೆ ಸಿಕ್ಕಿದ ಪ್ರಬಂಧಗಳನ್ನೆಲ್ಲ ಓದಿ, 1964ರಲ್ಲಿ ಅವರೊಂದು ಗ್ರಂಥ ಬರೆದರು. ತಾಯಿಯ ನಡತೆಯಿಂದ ಇದು ಬರುತ್ತದೆಂಬುದಕ್ಕೆ ಆಧಾರವಿಲ್ಲ, ಇದರ ಬೇರು ಮೆದುಳಿನ ಬೆಳವಣಿಗೆಯಲ್ಲಿದೆ ಎಂದು ಒಂದೊಂದಾಗಿ ವಾದಿಸಿದರು. ಆ ಗ್ರಂಥಕ್ಕೆ ಮುನ್ನುಡಿ ಬರೆದವರು ಕ್ಯಾನರರೇ ಎಂಬುದು ಗಮನಾರ್ಹ. ಮರುವರ್ಷ, 1965ರಲ್ಲಿ, ರಿಮ್ಲೆಂಡ್ ಮತ್ತು ಇತರ ತಂದೆತಾಯಿಗಳು ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಲಂಡನ್ನಿನಲ್ಲಿ 1962ರಲ್ಲೇ ಇಂಥದೊಂದು ಸಂಘ ಹುಟ್ಟಿತ್ತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಲೋರ್ನಾ ವಿಂಗ್ ಮನೋವೈದ್ಯೆಯೂ ಹೌದು, ಆಟಿಸಂ ಇದ್ದ ಮಗಳ ತಾಯಿಯೂ ಹೌದು.

1969ರಲ್ಲಿ ವಾಷಿಂಗ್‌ಟನ್ನಿನಲ್ಲಿ ನಡೆದ ತಂದೆತಾಯಿಗಳ ಸಮ್ಮೇಳನಕ್ಕೆ ವೃದ್ಧರಾದ ಕ್ಯಾನರ್ ಬಂದರು. ನೆರೆದವರ ಮುಂದೆ ನಿಂತು, ತಂದೆತಾಯಿಗಳಾದ ನಿಮ್ಮನ್ನು ದೋಷದಿಂದ ಬಿಡುಗಡೆ ಮಾಡುತ್ತಿದ್ದೇನೆ ಎಂಬರ್ಥದ ಮಾತನ್ನು ಆಡಿದರು. ನ್ಯಾಯಾಧೀಶರು ತೀರ್ಪು ಹೇಳುವಂಥ ಮಾತು ಅದು. ವಿಜ್ಞಾನವೂ ಆ ಕಡೆಗೇ ಸಾಗಿತು. 1977ರಲ್ಲಿ ಲಂಡನ್ನಿನ ಫೋಲ್‌ಸ್ಟೀನ್ ಮತ್ತು ರಟ್ಟರ್ ಅವರು 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡದಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಒಂದೇ ಮನೆ, ಒಂದೇ ತಾಯಿ. ವ್ಯತ್ಯಾಸ ಮಾತ್ರ ಹುಟ್ಟಿನದು.

ಅಪವಾದಕ್ಕೆ ಮಾತ್ರ ಆಯುಷ್ಯ ಗಟ್ಟಿ. 1998ರಲ್ಲಿ ಬ್ರಿಟನ್ನಿನ ವೇಕ್‌ಫೀಲ್ಡ್ ಎಂಬ ವೈದ್ಯ ಕೇವಲ 12 ಮಕ್ಕಳನ್ನು ಆಧರಿಸಿದ ಪ್ರಬಂಧವೊಂದರಿಂದ ದಡಾರದ ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದರು. ದೊಡ್ಡ ದೊಡ್ಡ ಅಧ್ಯಯನಗಳು ಅದನ್ನು ಅಲ್ಲಗಳೆದವು. ಪತ್ರಿಕೆ 2010ರಲ್ಲಿ ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಲಸಿಕೆ ಹಾಕಿಸಿದ ತಪ್ಪೂ ತಂದೆತಾಯಿಗಳ ಪಾಲಿಗೆ ಬಂದಿತ್ತು.

ಒಂದು ಸಣ್ಣ ಊರಿನ ಕಥೆ

ಕ್ಯಾನರರ ಪ್ರಬಂಧದ ಮೊದಲನೆಯ ಮಗು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಜನನ 1933ರಲ್ಲಿ. ಮೂರು ವರ್ಷದವನಿದ್ದಾಗಲೇ ವೈದ್ಯರ ಸಲಹೆಯಂತೆ ಅವನನ್ನು ದೂರದ ಸಂಸ್ಥೆಯೊಂದಕ್ಕೆ ಸೇರಿಸಿದ್ದರು. ಸುಮಾರು ಒಂದು ವರ್ಷದ ನಂತರ ತಂದೆತಾಯಿ ಅವನನ್ನು ಮನೆಗೆ ಕರೆತಂದರು. ವಕೀಲರಾದ ತಂದೆ ಮಗನ ವಿಚಾರವಾಗಿ ಕ್ಯಾನರರಿಗೆ ಬರೆದ ಪತ್ರ 33 ಪುಟಗಳದ್ದು. ಪ್ರೀತಿಯಿಲ್ಲದ ತಂದೆ ಅಷ್ಟು ಉದ್ದದ ಪತ್ರ ಬರೆದಾನೆಯೆ?

1942ರಿಂದ ಕೆಲವು ವರ್ಷ ಡೊನಾಲ್ಡ್ ಊರಿನ ಹತ್ತಿರದ ರೈತ ದಂಪತಿಗಳ ಮನೆಯಲ್ಲಿದ್ದ. ಕಂಡದ್ದನ್ನೆಲ್ಲ ಅಳೆಯುವುದು ಅವನ ಗೀಳು. ರೈತ ಬೈಯಲಿಲ್ಲ, ಬಾವಿ ತೋಡುವಾಗ ಆಳ ಅಳೆದು ಹೇಳುವ ಕೆಲಸ ಕೊಟ್ಟ. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುತ್ತಿದ್ದ. ಹಾಗಾದರೆ ಉಳುತ್ತ ಎಣಿಸು ಎಂದು ನೇಗಿಲು ಹಿಡಿಸಿದ. ಮುಂದೆ ಡೊನಾಲ್ಡ್ 1958ರಲ್ಲಿ ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ಒಬ್ಬನೇ ದೇಶವಿದೇಶ ಸುತ್ತಿದ. ಊರಿನವರು ಅವನನ್ನು ತಮ್ಮವನೆಂದೇ ನೋಡಿಕೊಂಡರು. ಹೊರಗಿನ ಪತ್ರಕರ್ತರು ವಿಚಾರಿಸಿಕೊಂಡು ಬಂದಾಗ, ಅವನಿಗೇನಾದರೂ ನೋವು ಮಾಡಿದರೆ ಸುಮ್ಮನಿರುವುದಿಲ್ಲವೆಂದು ಎಚ್ಚರಿಸಿದರಂತೆ. 2023ರಲ್ಲಿ, 89ನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ತೀರಿಕೊಂಡ.

ಆ ಹನ್ನೊಂದು ಮಕ್ಕಳು ಏನಾದರೆಂದು 1971ರಲ್ಲಿ ಕ್ಯಾನರರೇ ಮತ್ತೆ ಬರೆದರು. ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಬಿಟ್ಟುಬಂದ ಮಕ್ಕಳು ಇದ್ದ ಚೈತನ್ಯವನ್ನೂ ಕಳೆದುಕೊಂಡಿದ್ದರು. ಡೊನಾಲ್ಡನ ಮನೆಯವರಿಗೆ ಅನುಕೂಲವಿತ್ತು ನಿಜ. ಬ್ಯಾಂಕಿನ ಒಡೆತನವೂ ಇತ್ತು. ಆದರೆ ಅಳೆಯುವ ಹುಡುಗನಿಗೆ ಬಾವಿಯ ಆಳ ಕೇಳುವುದಕ್ಕೆ ಹಣ ಬೇಕಾಗಿರಲಿಲ್ಲ.

ನಮ್ಮ ದೇಶದಲ್ಲಿ

ನಮ್ಮಲ್ಲೂ ಕೆಲಸ ಆರಂಭಿಸಿದವರು ತಾಯಂದಿರೇ. ಮೇರಿ ಬರುವಾ ಎಂಬ ತಾಯಿ 1991ರಲ್ಲಿ ದಿಲ್ಲಿಯಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಸಂಸ್ಥೆಗೆ ಚಾಲನೆ ಕೊಟ್ಟರು. 1995ರ ಅಂಗವಿಕಲರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಅದರಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಹೆಸರು ಬಂತು. 2016ರ ಕಾಯಿದೆ 21 ವೈಕಲ್ಯಗಳಲ್ಲಿ ಇದನ್ನೂ ಸೇರಿಸಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪರೀಕ್ಷೆ ಮತ್ತು ಮಾರ್ಗದರ್ಶನ ದೊರೆಯುತ್ತದೆ. ರಜೆಗೆ ಊರಿಗೆ ಹೋಗುವ ನಮ್ಮವರು ಇದನ್ನು ನೆನಪಿಡಬಹುದು. ಲೋಕದಲ್ಲಿ ಸುಮಾರು ನೂರು ಮಕ್ಕಳಿಗೊಬ್ಬರಂತೆ ಆಟಿಸಂ ಇರುವವರಿದ್ದಾರೆಂದು ಅಂದಾಜು. ಹಾಗಿದ್ದ ಮೇಲೆ ನಮ್ಮ ಸಂಘದ ಮನೆಗಳಲ್ಲೂ ಇರಲೇಬೇಕು. ಅವರು ನಮಗೆ ಕಾಣುತ್ತಿಲ್ಲವೆಂದರೆ ಮನೆಯೊಳಗೆ ಉಳಿದಿದ್ದಾರೆಂದೇ ಅರ್ಥ.

ಯುಗಾದಿ ಕಳೆದ ಮೇಲೆ ನಾವು ಇಬ್ಬರು ಆ ಹುಡುಗನ ಮನೆಗೆ ಹೋಗಿ ಬಂದೆವು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹುಡುಗ ಮೂಲೆಯಲ್ಲಿ ಕುಳಿತು ಹುಣಸೆಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಒಂದು ಸಾಲೂ ಓರೆಯಾಗಿರಲಿಲ್ಲ. ಮಾತು ಬರಲಿಲ್ಲವೆಂದು ಮೊದಲು ಬಜೆ ತೇಯ್ದು ನಾಲಿಗೆಗೆ ಸವರಿದರಂತೆ. ಗಂಡುಮಕ್ಕಳಿಗೆ ಮಾತು ತಡವೆಂದು ಹಿರಿಯರು ಸಮಾಧಾನ ಹೇಳಿದ್ದರಿಂದ ಎರಡು ವರ್ಷ ಹೋಯಿತು. ಆಮೇಲೆ ಯಾರೋ, ಎರಡು ಮೂರು ಭಾಷೆ ಕಿವಿಗೆ ಬಿದ್ದು ಮಗುವಿಗೆ ಗೊಂದಲವಾಗಿದೆ, ಕನ್ನಡ ಬಿಡಿ ಎಂದರು. ಬಿಟ್ಟರು. ಈಗ ಹಾಸನದಲ್ಲಿರುವ ಅಜ್ಜಿ ಫೋನಿನಲ್ಲಿ ಮಾತಾಡಿದರೆ ಮೊಮ್ಮಗನಿಗೆ ತಿಳಿಯುವುದಿಲ್ಲ. ‘ಕನ್ನಡದಲ್ಲಿ ಒಂದು ಜೋಗುಳ ಹಾಡುವುದಕ್ಕೂ ಹೆದರಿಕೆಯಾಗುತ್ತಿತ್ತು’ ಎಂದರು ತಾಯಿ. ಎರಡು ಭಾಷೆ ಕೇಳುವುದರಿಂದ ಇಂಥ ಮಕ್ಕಳಿಗೆ ಕೆಡುಕಿಲ್ಲವೆಂದು ಈಚಿನ ಅಧ್ಯಯನಗಳು ತೋರಿಸಿವೆ. ಮನೆಮಾತನ್ನು ಬಿಡಬೇಕಾಗಿಲ್ಲ ಎಂಬುದನ್ನು ಹೊರನಾಡ ಕನ್ನಡಿಗರು ಅವಶ್ಯವಾಗಿ ತಿಳಿದಿರಬೇಕು.

ತಂದೆಗೆ ಬೇರೆ ಊರಿಗೆ ವರ್ಗದ ಆದೇಶ ಬಂದಿತ್ತು. ಮಗುವಿನ ಶಾಲೆ, ತರಬೇತಿ ಎಲ್ಲ ಇಲ್ಲಿ. ಅಂಗವಿಕಲ ಮಗುವನ್ನು ನೋಡಿಕೊಳ್ಳುವ ಕೇಂದ್ರ ಸರಕಾರಿ ನೌಕರರಿಗೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ಕೇಳುವ ಅವಕಾಶ 2014ರ ಸುತ್ತೋಲೆಯಲ್ಲಿದೆ. ಅದೇ ವರ್ಷ ಆಟಿಸಂ ಕೂಡ ಅದರಲ್ಲಿ ಸೇರಿತು. ಸುತ್ತೋಲೆಗಳನ್ನು ಕಡತಕ್ಕೆ ಸೇರಿಸುವುದನ್ನೇ ಕಸುಬಾಗಿಸಿಕೊಂಡ ನಮಗೂ ಅದು ನೆನಪಿರಲಿಲ್ಲ. ಹುಡುಕಿ ತೆಗೆದು, ಅರ್ಜಿ ಬರೆದುಕೊಟ್ಟೆವು. ಇದಲ್ಲದೆ, ದುಡಿದು ಬದುಕಲಾರದ ಮಗುವಿಗೆ ಜೀವಮಾನವಿಡೀ ಕುಟುಂಬ ಪಿಂಚಣಿ ಸಲ್ಲುತ್ತದೆ. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ. ಹದಿನೆಂಟು ತುಂಬಿದ ಮೇಲೆ ಪಾಲಕರ ನೇಮಕಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯ ಮುಂದೆ ಹೋಗಬಹುದು. ಇವುಗಳಿಗೆಲ್ಲ ಅಂಗವೈಕಲ್ಯ ಪ್ರಮಾಣಪತ್ರವೇ ಮೊದಲ ಮೆಟ್ಟಿಲು. ನಾಚಿಕೆಯಿಂದ ಅದನ್ನು ಮಾಡಿಸದೆ ಉಳಿದವರು ಎಷ್ಟೋ ಮಂದಿ.

ಇನ್ನು ಸಂಘದವರಾದ ನಾವು ಮಾಡಬಹುದಾದದ್ದು ದೊಡ್ಡ ಕೆಲಸವೇನಲ್ಲ. ಧ್ವನಿವರ್ಧಕದ ಸದ್ದನ್ನು ಸ್ವಲ್ಪ ತಗ್ಗಿಸಬಹುದು. ಬಾಗಿಲ ಬಳಿ ನಾಲ್ಕು ಕುರ್ಚಿಗಳನ್ನು ಅಂಥ ಕುಟುಂಬಗಳಿಗಾಗಿ ಬಿಡಬಹುದು. ಮಗು ಕಿರುಚಿದಾಗ ತಿರುಗಿ ನೋಡದಿರಬಹುದು; ತಾಯಿ ಹೊರಗೆ ನಡೆದರೆ ನಮ್ಮಲ್ಲೊಬ್ಬರು ಎದ್ದು ಹೋಗಿ ಜೊತೆಗೆ ನಿಲ್ಲಬಹುದು. ಬರುವ ರಾಜ್ಯೋತ್ಸವದಲ್ಲಿ ಪ್ರಸಾದದ ಪೊಟ್ಟಣಗಳನ್ನು ಎಣಿಸಿ ಜೋಡಿಸುವ ಕೆಲಸಕ್ಕೆ ಒಬ್ಬ ಸಹಾಯಕ ಬೇಕೆಂದು ಆ ಮನೆಯವರನ್ನು ಕೇಳಿಕೊಂಡಿದ್ದೇವೆ. ನೋಡೋಣವೆಂದಿದ್ದಾರೆ. ಅವರು ಬಂದರೆ, ನಮ್ಮ ಓದುಗರು ದಯವಿಟ್ಟು ಹುಡುಗನೊಡನೆ ಕನ್ನಡದಲ್ಲೇ ಮಾತಾಡಬೇಕೆಂದು ವಿನಂತಿ.